ನಗೆಯ ಹೊತ್ತು, ನಗೆಯ ನಂಟು

ಈ ಅಂಕಣದ ವಾಚಕರು ಬರೆಯುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆದೋರುತ್ತಿದೆ. ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣಗಳ ಸೀಮೆಯ ರೇಷ್ಮೆ ಬೆಳೆಗಾರರ, ಉಪಾಧ್ಯಾಯರ, ಸಣ್ಣ ವರ್ತಕರ ಮಕ್ಕಳು ಎಂಜಿನಿಯರಿಂಗ್ ಓದಿ ಮುಗಿಸಿ, ಉನ್ನತ ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಜರ್ಮನಿಗೆ ಹೋಗುವುದು ಈಗ ಅಪೂರ್ವವಾದ ಸಂಗತಿಯಲ್ಲ. ಬಿಡದಿಯಲ್ಲಿ ಬಾಷ್ ಸಂಸ್ಥೆಯ ಕಾರ್ಖಾನೆ ನೆಲೆಗೊಂಡ ಮೇಲಂತೂ ಆ ದೇಶದ ಹೆಸರು ನಮ್ಮ ಹಳ್ಳಿಗಳ ಜಗಲಿಯ ಮಾತುಕತೆಯಲ್ಲಿಯೂ ಸಲೀಸಾಗಿ ಕೇಳಿಬರುತ್ತದೆ. ಹಾಗೆ ಹೋದ ಮಗನೋ ಮಗಳೋ ಬಿಡುವಿನ ದಿನ ಮನೆಯವರೊಡನೆ ಫೋನಿನಲ್ಲಿ ಮಾತನಾಡುವಾಗ, “ಊರು ಚೊಕ್ಕಟ, ಕೆಲಸ ಅಚ್ಚುಕಟ್ಟು, ಸಂಬಳಕ್ಕೇನೂ ಕೊರತೆಯಿಲ್ಲ, ಆದರೆ ಈ ಜನ ನಗುವುದೇ ಇಲ್ಲವಮ್ಮ” ಎಂದುಬಿಡುತ್ತಾರೆ. ಮಾತನ್ನು ಆಡಿದವರು ಅಲ್ಲಿಯೇ ಮರೆತಾರು. ಕೇಳಿದ ತಾಯಿಯ ಮನಸ್ಸಿನಲ್ಲಿ ಅದು ಬೇರೂರುತ್ತದೆ. ನಗದ ಜನರ ನಡುವೆ ನನ್ನ ಮಗು ಹೇಗೆ ಬಾಳೀತು, ಜರ್ಮನರಿಗೆ ಹಾಸ್ಯವೆಂಬುದು ನಿಜವಾಗಿ ಇಲ್ಲವೆ ಎಂದು ಅವರು ನನ್ನನ್ನು ಕೇಳುತ್ತಾರೆ.

ಈ ಪ್ರಶ್ನೆ ಲಘುವಾದದ್ದೆಂದು ನಾನು ಭಾವಿಸುವುದಿಲ್ಲ. ಅನ್ನ, ವಸತಿ, ವೇತನಗಳು ಒದಗಿದ ಮಾತ್ರದಿಂದ ಮನುಷ್ಯನು ಒಂದು ದೇಶದಲ್ಲಿ ನೆಲಸಿದನೆಂದು ಹೇಳಲಾಗದು; ಅಲ್ಲಿಯವರು ನಗುವಾಗ ಅದರ ಕಾರಣವನ್ನರಿತು ತಾನೂ ನಗಬಲ್ಲವನಾದ ದಿನವೇ ಅವನು ಆ ದೇಶದ ಬಾಳಿನೊಳಕ್ಕೆ ಪ್ರವೇಶ ಪಡೆದಂತೆ. ಆದರೆ ಜರ್ಮನರು ಹಾಸ್ಯವಿಹೀನರೆಂಬ ಈ ಅಭಿಪ್ರಾಯವು ನಮ್ಮವರು ತಾವಾಗಿ ಕಂಡು ಕಟ್ಟಿಕೊಂಡದ್ದಲ್ಲವೆಂಬುದನ್ನು ಮೊದಲು ಗಮನಿಸಬೇಕು. ಅದು ಬಹುಕಾಲದಿಂದ ಇಂಗ್ಲಿಷರಲ್ಲಿ ಪ್ರಚಲಿತವಾಗಿದ್ದು, ಇಂಗ್ಲಿಷ್ ಪುಸ್ತಕಗಳ ಹಾಗೂ ಚಲನಚಿತ್ರಗಳ ಮೂಲಕ ನಮ್ಮಲ್ಲಿಗೆ ಬಂದು, ನಮ್ಮ ಮಕ್ಕಳು ವಿಮಾನವನ್ನೇರುವುದಕ್ಕೆ ಮುಂಚಿತವಾಗಿಯೇ ಅವರ ಮನಸ್ಸನ್ನು ಸೇರಿಕೊಂಡಿರುತ್ತದೆ. ನನ್ನ ಮಗಳೂ ಅಳಿಯಂದಿರೂ ಸ್ಟುಟ್‌ಗಾರ್ಟ್ ನಗರದಲ್ಲಿ ವಾಸವಾಗಿರುವ ಕಾರಣ ಅಲ್ಲಿ ಕೆಲಕಾಲ ಇದ್ದು ಬರುವ ಅವಕಾಶ ನನಗೆ ದೊರೆಯಿತು. ಅದೇ ಕಟ್ಟಡದಲ್ಲಿ ಒಬ್ಬ ಇಂಗ್ಲಿಷ್ ಮಹಿಳೆಯೂ ಒಬ್ಬ ವೃದ್ಧ ಜರ್ಮನ್ ಗೃಹಸ್ಥರೂ ವಾಸವಾಗಿದ್ದುದರಿಂದ, ಈ ಇಬ್ಬರೂ ಒಬ್ಬರನ್ನೊಬ್ಬರು ಕಾಣುವ ಬಗೆಯನ್ನು ಪಕ್ಕದಲ್ಲಿಯೇ ನಿಂತು ನೋಡುವಂತಾಯಿತು.

ಸ್ಟುಟ್‌ಗಾರ್ಟ್ ಇರುವ ಶ್ವಾಬಿಯ ಪ್ರಾಂತದಲ್ಲಿ ಕೇರ್‌ವೋಖೆ ಎಂದು ಕರೆಯುವ ಒಂದು ಪದ್ಧತಿಯುಂಟು. ಒಂದು ಕಟ್ಟಡದಲ್ಲಿ ವಾಸಿಸುವ ಸಂಸಾರಗಳು ಸರದಿಯ ಮೇಲೆ ವಾರಕ್ಕೊಬ್ಬರಂತೆ ಮೆಟ್ಟಿಲು, ನಡುವಣ ಓಣಿ, ಮನೆಯ ಮುಂದಣ ಕಾಲುದಾರಿ ಇವೆಲ್ಲವನ್ನೂ ಗುಡಿಸಿ ಒರಸಿ, ಚಳಿಗಾಲವಾದರೆ ಹಿಮವನ್ನು ತೆಗೆದು ಶುಚಿಯಾಗಿಡಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಚಿಕ್ಕ ಫಲಕವನ್ನು ತೂಗುಹಾಕುವರು. ಇದರ ಮೂಲವು ಹದಿನೈದನೆಯ ಶತಮಾನದ ನಗರಶಾಸನಗಳವರೆಗೂ ಹೋಗುವುದೆಂದು ಹೇಳುತ್ತಾರೆ. ಫಲಕವು ತನ್ನ ಬಾಗಿಲಿಗೆ ಬಂದ ದಿನ ಆ ಇಂಗ್ಲಿಷ್ ಮಹಿಳೆ, ಇನ್ನು ಒಂದು ವಾರ ಈ ರಾಜ್ಯಕ್ಕೆಲ್ಲ ನಾನೇ ರಾಣಿಯಲ್ಲವೆ ಎಂದು ವೃದ್ಧರೊಡನೆ ವಿನೋದವಾಗಿ ಹೇಳಿದರಂತೆ. ಅವರು ಗಂಭೀರವಾಗಿ ಆಲಿಸಿ, ಪೊರಕೆಯು ನೆಲಮಾಳಿಗೆಯಲ್ಲಿ ಎಡಗಡೆಗೆ ಇದೆಯೆಂದು ತಿಳಿಸಿದರಂತೆ. ಜರ್ಮನರಿಗೆ ಹಾಸ್ಯವಿಲ್ಲವೆನ್ನುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ ಎಂದು ಆಕೆ ನಮ್ಮನ್ನು ಕೇಳಿದರು. ನನಗಾದರೋ ಆ ಮುದುಕರ ಗಾಂಭೀರ್ಯದಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಬೆಳಗಿನ ಜಾವದಲ್ಲಿ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ, ಗುಡಿಸಿ, ರಂಗೋಲಿಯಿಡುವ ಹೆಂಗಸರ ನಡುವೆ ಬೆಳೆದವನಿಗೆ, ಹೊಸ್ತಿಲ ಶುಚಿಯೆಂಬುದು ನಗೆಯಾಡುವ ಹೊತ್ತಿನ ಕೆಲಸವಲ್ಲವೆಂಬುದು ಹೇಳದೆಯೇ ಅರ್ಥವಾಗುತ್ತದೆ.

ಜರ್ಮನರ ನಡುವೆ ಬಾಳಿದ ಇಂಗ್ಲಿಷರ ಆಕ್ಷೇಪಕ್ಕೆ ದೀರ್ಘವಾದ ಸಾಹಿತ್ಯಪರಂಪರೆಯೇ ಇದೆ. ಜೆರೋಮ್ ಕೆ. ಜೆರೋಮ್ 1900ರಲ್ಲಿ ಪ್ರಕಟಿಸಿದ ‘ಥ್ರೀ ಮೆನ್ ಆನ್ ದ ಬಮ್ಮೆಲ್’ ಎಂಬ ಕೃತಿಯಲ್ಲಿ ಮೂವರು ಇಂಗ್ಲಿಷರು ಜರ್ಮನಿಯಲ್ಲಿ ಸೈಕಲ್ ಪ್ರವಾಸ ಮಾಡುತ್ತ, ಆ ದೇಶದ ಅಚ್ಚುಕಟ್ಟನ್ನೂ ಕಟ್ಟಳೆಗಳನ್ನೂ ಬೆರಗಿನಿಂದ ನೋಡುತ್ತಾರೆ. ಅದಕ್ಕೂ ಮುಂಚೆ, 1880ರಲ್ಲಿ, ಅಮೆರಿಕದ ಮಾರ್ಕ್ ಟ್ವೇನ್ ಜರ್ಮನ್ ಭಾಷೆಯ ಮೇಲೆ ಬರೆದ ಪ್ರಬಂಧದಲ್ಲಿ ಅದರ ವಾಕ್ಯಗಳ ಕ್ರಿಯಾಪದವು ಎಲ್ಲಿಯೋ ದೂರದ ಕೊನೆಯಲ್ಲಿ ಕುಳಿತಿರುವುದನ್ನು ಕುರಿತು ಬಹಳವಾಗಿ ವಿನೋದ ಮಾಡಿದನು. ಅಲ್ಲಿಂದ ಮುಂದೆ ಇಂಗ್ಲಿಷ್ ವಿನೋದಕಾರರಲ್ಲಿ ಕೆಲವರು ಇದನ್ನೇ ಒಂದು ಸಿದ್ಧಾಂತವನ್ನಾಗಿ ಮಾಡಿ, ಹಾಸ್ಯದ ಜೀವವು ವಾಕ್ಯದ ಕಟ್ಟಕಡೆಯ ಪದದಲ್ಲಿ ಇರತಕ್ಕದ್ದು, ಕ್ರಿಯಾಪದಕ್ಕೆ ಆ ಸ್ಥಾನವನ್ನು ಬಿಟ್ಟುಕೊಟ್ಟ ಭಾಷೆಯಲ್ಲಿ ಹಾಸ್ಯವು ಹುಟ್ಟುವುದು ಕಷ್ಟ ಎಂದು ವಾದಿಸಿದ್ದಾರೆ. ಈ ವಾದವನ್ನು ಪರೀಕ್ಷಿಸಲು ಕನ್ನಡಿಗನಿಗಿಂತ ಅರ್ಹನಾದವನು ಬೇರೊಬ್ಬನಿಲ್ಲ. ಏಕೆಂದರೆ ನಮ್ಮ ಭಾಷೆಯಲ್ಲಿಯೂ ಕ್ರಿಯಾಪದವು ಕೊನೆಯಲ್ಲಿಯೇ ಬರುವುದು. ಸಾಲ ಕೊಟ್ಟು ಸೋತ ನಮ್ಮ ಹಳ್ಳಿಯ ಹಿರಿಯನೊಬ್ಬನು ಹೇಳುವುದನ್ನು ಕೇಳಿ: “ಅಸಲೂ ಬಡ್ಡಿಯೂ ಎರಡನ್ನೂ, ಸಂತೆಯ ನಡುವೆ, ಹತ್ತು ಜನರೆದುರಿಗೆ, ಎಣಿಸಿ ನನ್ನ ಕೈಗೇ ಕೊಡುತ್ತೇನೆ ಅಂದಿದ್ದ.” ಕೊನೆಯ ಪದ ಬರುವವರೆಗೆ ಹಣ ಕೈಸೇರಿತೆಂದೇ ಕೇಳುವವನು ನಂಬಿರುತ್ತಾನೆ, ಕ್ರಿಯಾಪದವು ಬಂದೊಡನೆ ಹಣ ಮಾಯವಾಗಿ ನಗೆ ಉಳಿಯುತ್ತದೆ. ಕ್ರಿಯಾಪದವು ಕೊನೆಗಿರುವುದು ಹಾಸ್ಯಕ್ಕೆ ಅಡ್ಡಿಯಲ್ಲ, ಸಾಧನ. ಆದುದರಿಂದ ಕಾರಣವನ್ನು ವ್ಯಾಕರಣದಲ್ಲಿ ಹುಡುಕಿ ಫಲವಿಲ್ಲ, ಜೀವನಕ್ರಮದಲ್ಲಿ ಹುಡುಕಬೇಕು.

ಇಂಗ್ಲಿಷನು ಹಾಸ್ಯವನ್ನು ದಿನದ ಎಲ್ಲ ಹೊತ್ತಿನಲ್ಲಿಯೂ ಬಳಸುತ್ತಾನೆ. ಕಚೇರಿಯ ಸಭೆಯಲ್ಲಿ, ವೈದ್ಯನ ಮುಂದೆ, ಶವಸಂಸ್ಕಾರ ಮುಗಿಸಿ ಬರುವ ದಾರಿಯಲ್ಲಿ ಕೂಡ ಅವನು ಒಂದು ಚಿಕ್ಕ ವಿನೋದದಿಂದ ಮಾತಿನ ಒರಟನ್ನು ತಗ್ಗಿಸುವನು. ಮನಸ್ಸಿಗೆ ಒಪ್ಪದ ಸಂಗತಿಯನ್ನು ಒಪ್ಪಿಲ್ಲವೆನ್ನದೆ ಬಳಸುದಾರಿಯಿಂದ ಸೂಚಿಸುವನು. ಅವನಿಗೆ ಹಾಸ್ಯವು ಸೌಜನ್ಯದ ಒಂದು ರೂಪ. ಜರ್ಮನನ ಸೌಜನ್ಯವು ಬೇರೆ ಬಗೆಯದು. ನಿಮ್ಮ ಲೆಕ್ಕದಲ್ಲಿ ತಪ್ಪಿದ್ದರೆ ತಪ್ಪಿದೆಯೆಂದು ನೇರವಾಗಿ ಹೇಳುವುದೇ ನಿಮಗೆ ಸಲ್ಲಿಸತಕ್ಕ ಗೌರವವೆಂದು ಅವನು ತಿಳಿಯುತ್ತಾನೆ. ಕೆಲಸದ ನಡುವೆ ತಮಾಷೆ ಮಾಡುವುದು ಕೆಲಸಕ್ಕೂ ತಮಾಷೆಗೂ ಮಾಡುವ ಅನ್ಯಾಯವೆಂದು ಅವನ ಭಾವನೆ. ನಮ್ಮ ಹುಡುಗರು ಈ ನೇರವಾದ ಮಾತನ್ನು ಕೋಪವೆಂದು ಗ್ರಹಿಸಿ ಕೊರಗುತ್ತಾರೆ. ಅದು ಕೋಪವಲ್ಲ. ಭಾನುವಾರದ ವಿಚಾರವನ್ನೇ ನೋಡಬಹುದು: ವಾರದ ಆ ಒಂದು ದಿನ ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವ ಸದ್ದನ್ನು ಕೂಡ ನೆರೆಯವರು ಸಹಿಸರು. 1919ರ ವೈಮಾರ್ ಸಂವಿಧಾನವು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸಿತು. ಈಗಿನ ಸಂವಿಧಾನವು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿದೆ. ಕೆಲಸಕ್ಕೊಂದು ಹೊತ್ತು, ಮೌನಕ್ಕೊಂದು ಹೊತ್ತು ಎಂದು ಬಾಳನ್ನು ವಿಂಗಡಿಸಿಕೊಂಡ ಜನ ನಗೆಗೂ ಒಂದು ಹೊತ್ತನ್ನು ಗೊತ್ತುಮಾಡಿದ್ದರೆ ಆಶ್ಚರ್ಯವೇನು?

ಆ ಹೊತ್ತು ಬಂದಾಗ ಅದು ಬರುವ ಸಂಭ್ರಮವನ್ನು ನೋಡಬೇಕು. ಕ್ರೈಸ್ತರ ನಲವತ್ತು ದಿನಗಳ ಉಪವಾಸವ್ರತಕ್ಕೆ ಮುಂಚಿನ ದಿನಗಳಲ್ಲಿ ದಕ್ಷಿಣ ಜರ್ಮನಿಯ ಊರೂರುಗಳಲ್ಲಿ ಫಾಸ್ನೆಟ್ ಎಂಬ ಉತ್ಸವ ನಡೆಯುವುದು. ರೋಟ್‌ವೈಲ್ ಎಂಬ ಪ್ರಾಚೀನ ಪಟ್ಟಣದಲ್ಲಿ ಮರದ ಮುಖವಾಡಗಳನ್ನೂ ಗಂಟೆಗಳ ಸರಗಳನ್ನೂ ಧರಿಸಿದ ವಿದೂಷಕರು ಮೆರವಣಿಗೆ ಹೊರಟು, ತಮ್ಮ ಕೈಯಲ್ಲಿರುವ ಒಂದು ಚಿತ್ರಪುಸ್ತಕವನ್ನು ಬಿಡಿಸಿ, ಹಿಂದಣ ವರ್ಷದಲ್ಲಿ ಊರವರಿಗೆ ಸಂಭವಿಸಿದ ಪೇಚಾಟಗಳನ್ನು ಅವರೆದುರಿಗೇ ಓದಿ ಹೇಳುತ್ತಾರೆ. ಹಾಗೆ ಹೇಳಿಸಿಕೊಂಡವನು ಮುನಿಯಕೂಡದು. ಕೊಲೋನ್ ನಗರದಲ್ಲಿ ಈ ಋತುವಿನ ಆರಂಭವಾಗುವುದು ನವೆಂಬರ್ 11ನೆಯ ದಿನ, 11 ಗಂಟೆ 11 ನಿಮಿಷಕ್ಕೆ. ಅಲ್ಲಿ ಉಪವಾಸಕ್ಕೆ ಮುಂಚಿನ ಗುರುವಾರ ಹೆಂಗಸರು ಕತ್ತರಿ ಹಿಡಿದು ಗಂಡಸರ ಕತ್ತಿನ ಟೈಗಳನ್ನು ಕತ್ತರಿಸುವರು, ಅಧಿಕಾರಿಯೆಂಬ ಭೇದವೂ ಆ ದಿನ ಇಲ್ಲ. ನಮ್ಮ ಕಟ್ಟಡದ ವೃದ್ಧರೂ ಆ ದಿನಗಳಲ್ಲಿ ಒಂದು ಸಂಜೆ ಎಲ್ಲ ನೆರೆಯವರನ್ನೂ ಮನೆಗೆ ಕರೆದು, ಕಾಗದದ ಕಿರೀಟವನ್ನು ಧರಿಸಿ ನಿಂತು, ತಾವೇ ರಚಿಸಿದ ಪ್ರಾಸಬದ್ಧ ಪದ್ಯಗಳನ್ನು ಓದಿದರು. ಅವುಗಳಲ್ಲಿ ಅವರ ಸ್ವಂತ ಜಿಪುಣತನವಿತ್ತು, ನನ್ನ ಅಳಿಯಂದಿರ ಒಗ್ಗರಣೆಯ ಹೊಗೆಯಿತ್ತು, ಒಂದು ವಾರ ಆ ಮೆಟ್ಟಿಲುಗಳನ್ನಾಳಿದ ಇಂಗ್ಲಿಷ್ ರಾಣಿಯ ಆಡಳಿತದಲ್ಲಿ ಮೂಲೆಯ ಧೂಳಿಗೆ ದೊರೆತ ಅಭಯದಾನವೂ ಇತ್ತು. ಆಕೆಯ ಮಾತನ್ನು ಅವರು ಅಂದೇ ಅರ್ಥಮಾಡಿಕೊಂಡಿದ್ದರು. ಉತ್ತರವನ್ನು ಅದರ ಹೊತ್ತಿಗಾಗಿ ಕಾದಿರಿಸಿದ್ದರು. ಮಗಳು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿರಲು, ಆ ಮಹಿಳೆ ಕಣ್ಣಲ್ಲಿ ನೀರು ಬರುವಂತೆ ನಗುವುದನ್ನು ನಾನು ಕಂಡೆನು.

ಈ ಎರಡು ಜನತೆಗಳ ನಡುವೆ ನಡೆದ ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಉತ್ತರ ಜರ್ಮನಿಯು ಬ್ರಿಟಿಷರ ಆಡಳಿತಕ್ಕೆ ಬಂದಾಗ, ಬಿ.ಬಿ.ಸಿ.ಯ ಮಾದರಿಯಲ್ಲಿ ಹ್ಯಾಂಬರ್ಗಿನ ಆಕಾಶವಾಣಿಯನ್ನು ಪುನರ್ನಿರ್ಮಿಸಿದವರು ಹ್ಯೂ ಕಾರ್ಲ್‌ಟನ್ ಗ್ರೀನ್ ಎಂಬ ಇಂಗ್ಲಿಷರು. ಆ ಸಂಸ್ಥೆಯ ಉತ್ತರಾಧಿಕಾರಿಯಾದ ಎನ್.ಡಿ.ಆರ್. 1963ರಲ್ಲಿ ಫ್ರೆಡಿ ಫ್ರಿಂಟನ್, ಮೇ ವಾರ್ಡೆನ್ ಎಂಬ ಇಬ್ಬರು ಇಂಗ್ಲಿಷ್ ನಟರನ್ನು ಕರೆಸಿ, ‘ಡಿನ್ನರ್ ಫಾರ್ ಒನ್’ ಎಂಬ ಸುಮಾರು 18 ನಿಮಿಷಗಳ ಪ್ರಹಸನವನ್ನು ಚಿತ್ರೀಕರಿಸಿತು. ತೊಂಬತ್ತು ತುಂಬಿದ ಒಬ್ಬ ವೃದ್ಧೆಯ ಹುಟ್ಟುಹಬ್ಬದ ಊಟ. ಆಕೆಯ ನಾಲ್ವರು ಗೆಳೆಯರೂ ಎಂದೋ ತೀರಿಕೊಂಡಿದ್ದಾರೆ. ಆದರೂ ಅವರ ಆಸನಗಳನ್ನು ಹಾಕಿಸಿ, ಅವರೆಲ್ಲರ ಪರವಾಗಿ ಮದ್ಯವನ್ನು ಕುಡಿಯಬೇಕಾದ ಮುದಿಸೇವಕನು ಪ್ರತಿಯೊಂದು ಸುತ್ತಿಗೂ ಹಿಂದಿನ ವರ್ಷದ ಕ್ರಮವೇ ಈ ವರ್ಷವೂ ಆಗತಕ್ಕದ್ದೆ ಎಂದು ವಿನಯದಿಂದ ಕೇಳುತ್ತ, ನೆಲದ ಮೇಲಣ ಹುಲಿಚರ್ಮದ ತಲೆಯನ್ನು ಎಡವುತ್ತ, ಕ್ರಮೇಣ ತೂರಾಡತೊಡಗುತ್ತಾನೆ. ಮಾತೆಲ್ಲವೂ ಇಂಗ್ಲಿಷಿನಲ್ಲಿ. ಇಂದಿಗೂ ವರ್ಷದ ಕೊನೆಯ ದಿನ, ಡಿಸೆಂಬರ್ 31ರ ಸಂಜೆ, ಕೋಟ್ಯಂತರ ಜರ್ಮನರು ಮನೆಮಂದಿಯೊಡನೆ ಕುಳಿತು ಇದನ್ನು ನೋಡಿ ನಗುತ್ತಾರೆ. ಬ್ರಿಟನ್ನಿನ ದೂರದರ್ಶನದಲ್ಲಿ ಅದು ಪೂರ್ಣವಾಗಿ ಪ್ರಸಾರವಾದದ್ದು 2018ರಲ್ಲಿ. ಹಾಸ್ಯವಿಲ್ಲದವರೆಂದು ಇಂಗ್ಲಿಷರು ತೀರ್ಮಾನಿಸಿದ ಜನ ಇಂಗ್ಲಿಷರೇ ಮರೆತ ಹಾಸ್ಯವೊಂದನ್ನು ಅರ್ಧಶತಮಾನಕ್ಕೂ ಮಿಗಿಲಾಗಿ ಕಾಪಾಡಿದ್ದಾರೆ. ಅವರು ಅದನ್ನು ಕಾಪಾಡಿದ ರೀತಿಯಲ್ಲಿ ಅವರ ಸ್ವಭಾವವೆಲ್ಲ ಕಾಣುತ್ತದೆ: ಅದೇ ದಿನ, ಅದೇ ಸಂಜೆ, ಅದೇ ಕ್ರಮ.

ಇದು ಇಂಗ್ಲಿಷನಿಗೆ ವಿಚಿತ್ರವಾಗಿ ಕಾಣಬಹುದು. ನಮಗೆ ಹಾಗೆ ಕಾಣಬೇಕಾಗಿಲ್ಲ. ನಮ್ಮ ನಗೆಗೂ ಬೇಲಿಯುಂಟು, ಆದರೆ ಅದನ್ನು ನಾವು ಹೊತ್ತಿನಿಂದ ಕಟ್ಟಿಲ್ಲ, ನಂಟಿನಿಂದ ಕಟ್ಟಿದ್ದೇವೆ. ಅಕ್ಕನ ಗಂಡನಾದ ಭಾವನನ್ನು ಹಾಸ್ಯ ಮಾಡಬಹುದು, ಸ್ವಂತ ಅಣ್ಣನನ್ನು ಮಾಡಲಾಗದು. ಅತ್ತಿಗೆಗೂ ಮೈದುನನಿಗೂ, ಸೋದರತ್ತೆಯ ಮಕ್ಕಳಿಗೂ ಸೋದರಮಾವನ ಮಕ್ಕಳಿಗೂ, ಅಜ್ಜಿಗೂ ಮೊಮ್ಮಗನಿಗೂ ನಡುವೆ ವಿನೋದವು ಹಕ್ಕೆಂಬಂತೆ ನಡೆಯುತ್ತದೆ. ತಂದೆಯ ಮುಂದೆ, ಮಾವನ ಮುಂದೆ ಅದೇ ಬಾಯಿ ಮೌನವಾಗುತ್ತದೆ. ನಮ್ಮ ಸೀಮೆಯ ಮದುವೆಗಳಲ್ಲಿ ಬೀಗರನ್ನು ಹಂಗಿಸಿ ಹಾಡುವ ಹೆಂಗಸರ ಹಾಡುಗಳನ್ನು ಕೇಳಿದವರಿಗೆ ಇದು ಚೆನ್ನಾಗಿ ತಿಳಿದಿದೆ: ಬೀಗರ ಹೊಟ್ಟೆಬಾಕತನವನ್ನೂ ಬೀಗಿತ್ತಿಯ ಬಿಂಕವನ್ನೂ ಅವರೆದುರಿಗೇ ಹಾಡುವರು, ಹಾಡಿಸಿಕೊಂಡವರು ನಕ್ಕು ತಾಂಬೂಲ ಕೊಡುವರು, ಅದೇ ಮಾತನ್ನು ಮರುದಿನ ಬೀದಿಯಲ್ಲಿ ಹೊರಗಿನವನೊಬ್ಬನು ಆಡಿದರೆ ಜಗಳವಾಗುವುದು. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ, ಇಂಥ ಅನುಮತಿ ಪಡೆದ ಹಾಸ್ಯವು ಒಂದುಗೂಡಿಯೂ ಬೇರೆಯಾಗಿಯೂ ಇರಬೇಕಾದ ಬಂಧುಗಳ ನಡುವಣ ಬಿಗುವನ್ನು ಸಡಿಲಿಸುವುದೆಂದು ತೋರಿಸಿಕೊಟ್ಟಿದ್ದಾನೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕಕ್ಕೆ ಹೋದವರು ಅಲ್ಲಿ ತೊಗಲುಗೊಂಬೆಗಳನ್ನು ನೋಡಿರುತ್ತಾರೆ. ರಾಮಾಯಣದ ಘನವಾದ ಪ್ರಸಂಗದ ನಡುವೆ ನುಗ್ಗಿಬಂದು ಊರ ಗೌಡನನ್ನೂ ಶಾನುಭೋಗನನ್ನೂ ಬಿಡದೆ ಗೇಲಿ ಮಾಡುವ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಪರದೆಯ ಮೇಲಿರುವ ತನಕ ಮಾತ್ರ ಸ್ವತಂತ್ರರು. ಇಂಗ್ಲಿಷರಿಗೆ ಪಂಚ್ ಎಂಬ ಗೊಂಬೆಯುಂಟು, ಜರ್ಮನರಿಗೆ ಕಾಸ್ಪರ್ ಎಂಬವನುಂಟು. ಇವರೆಲ್ಲರೂ ಒಂದೇ ಕುಲದವರು.

ದೊಡ್ಡವರನ್ನು ನಗೆಗೀಡುಮಾಡುವ ಈ ಧೈರ್ಯವು ಜರ್ಮನರಲ್ಲಿ ಎಷ್ಟು ಆಳವಾಗಿದೆಯೆಂಬುದಕ್ಕೆ ಚನ್ನಪಟ್ಟಣದವರಿಗೆ ಸುಲಭವಾಗಿ ಅರ್ಥವಾಗುವ ಒಂದು ನಿದರ್ಶನವನ್ನು ಕೊಡಬಹುದು. ಚನ್ನಪಟ್ಟಣದಲ್ಲಿ ಆಲೆಮರದ ತುಂಡನ್ನು ಲೇತ್‌ಗೆ ಕೊಟ್ಟು ತಿರುಗಿಸಿ, ಉಳಿಯಿಂದ ರೂಪಕ್ಕೆ ತಂದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಆ ಉಜ್ಜುವಿಕೆಯ ಬಿಸಿಯಲ್ಲಿ ಕರಗಿದ ಅರಗನ್ನು ತಾಳೆಗರಿಯಿಂದ ಹೊಳಪಿಸುವ ಕುಶಲಿಗಳಿರುವಂತೆಯೇ, ಜರ್ಮನಿಯ ಸ್ಯಾಕ್ಸನಿಯಲ್ಲಿ ಎರ್ತ್ಸ್‌ಗೆಬಿರ್ಗೆ ಬೆಟ್ಟಗಳ ನಡುವಣ ಝೈಫೆನ್ ಎಂಬ ಊರಿನಲ್ಲಿಯೂ ಮರವನ್ನು ಕಡೆದು ಆಟಿಕೆ ಮಾಡುವವರಿದ್ದಾರೆ. ಗಣಿಗಳಲ್ಲಿ ಅದಿರು ಕ್ಷೀಣಿಸಿದಾಗ ಹೊಟ್ಟೆಪಾಡಿಗಾಗಿ ಈ ಕಸುಬನ್ನು ಹಿಡಿದ ಗಣಿಗಾರರ ಸಂತತಿ ಅದು. ಅಲ್ಲಿ ಸುಮಾರು 1870ರಲ್ಲಿ ವಿಲ್‌ಹೆಲ್ಮ್ ಫ್ಯುಖ್ಟ್‌ನರ್ ಎಂಬಾತ ಅಡಕೆಕತ್ತರಿಯಂತೆ ಕಾಯಿ ಒಡೆಯುವ ಗೊಂಬೆಯನ್ನು ರೂಪಿಸಿದನು. ಅದರ ವೇಷ ರಾಜನದು. ಅದೇ ಬಗೆಯ ಇತರ ಗೊಂಬೆಗಳಿಗೆ ಸಿಪಾಯಿಯ, ಪೊಲೀಸಿನವನ ವೇಷ. ವರ್ಷವೆಲ್ಲ ಯಾರಿಗೆ ತಲೆಬಾಗಬೇಕಾಗಿತ್ತೋ ಅವರೇ ಕ್ರಿಸ್‌ಮಸ್ಸಿನ ಸಮಯದಲ್ಲಿ ಬಡವರ ಮನೆಯಲ್ಲಿ ನಿಂತು, ದೊಡ್ಡ ಬಾಯಿ ತೆರೆದು, ಬಡವರ ಮಕ್ಕಳಿಗಾಗಿ ಗಟ್ಟಿಕಾಯಿಗಳನ್ನು ಒಡೆಯಬೇಕು.

ನಗೆಯನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡ ಜನರಿಂದ ಅದನ್ನು ಕಸಿದುಕೊಳ್ಳುವ ಪ್ರಯತ್ನವೂ ನಡೆಯಿತೆಂಬುದನ್ನು ಹೇಳದಿದ್ದರೆ ಈ ವಿವರಣೆ ಅಪೂರ್ಣವಾಗುವುದು. ವೆರ್ನರ್ ಫಿಂಕ್ ಎಂಬ ವಿನೋದಕಲಾವಿದನು 1929ರಲ್ಲಿ ಗೆಳೆಯರೊಡನೆ ಬರ್ಲಿನ್ನಿನಲ್ಲಿ ಆರಂಭಿಸಿದ ‘ಕಟಕೋಂಬೆ’ ಎಂಬ ರಂಗಮಂಟಪವನ್ನು ಹಿಟ್ಲರನ ಸರ್ಕಾರವು 1935ರಲ್ಲಿ ಮುಚ್ಚಿಸಿ, ಆತನನ್ನು ಎಸ್ಟರ್‌ವೆಗೆನ್ ಬಂದಿಶಿಬಿರಕ್ಕೆ ಕಳುಹಿಸಿತು. ಸರ್ಕಾರವನ್ನು ಕುರಿತು ಕುಚೋದ್ಯದ ಮಾತನಾಡಿದವರನ್ನು ಸೆರೆಗೆ ಕಳುಹಿಸಲು ಅನುಕೂಲವಾಗುವಂಥ ಶಾಸನವು 1934ರಲ್ಲಿಯೇ ಬಂದಿತ್ತು. ಬರ್ಲಿನ್ನಿನ ರಂಗಮಂಟಪಗಳನ್ನು ನಗೆಯಿಂದ ತುಂಬಿದವರಲ್ಲಿ ಅನೇಕರು ಯಹೂದಿಗಳು. ಅವರಲ್ಲಿ ಕೆಲವರು ದೇಶಭ್ರಷ್ಟರಾದರು, ಕೆಲವರು ಕೊಲೆಗೀಡಾದರು. ಕುರ್ಟ್ ಗೆರೋನ್ ಎಂಬ ಖ್ಯಾತ ನಟನನ್ನು 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಇಷ್ಟಾದರೂ ಜನ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತ ಆ ಆಳರಸರನ್ನು ಕುರಿತ ಹಾಸ್ಯಗಳನ್ನು ಹರಡುತ್ತಲೇ ಇದ್ದರು. ಸೆರೆಮನೆಯ ಭಯವನ್ನೂ ಮೀರಿ ನಕ್ಕವರ ಮಕ್ಕಳಿಗೆ ಹಾಸ್ಯಪ್ರಜ್ಞೆಯಿಲ್ಲವೆಂದು ನಾವು ಹೇಳುವುದು ನ್ಯಾಯವಲ್ಲ. ಆ ದೇಶದ ನಗೆಯಲ್ಲಿ ಇಂದು ಒಂದು ಎಚ್ಚರ ಕಾಣುವುದಾದರೆ, ಯಾರನ್ನು ಕುರಿತು ನಗಬಾರದೆಂಬುದನ್ನು ಅವರು ಬಹಳ ಬೆಲೆ ತೆತ್ತು ಕಲಿತಿದ್ದಾರೆಂದು ತಿಳಿಯಬೇಕು.

ಹಾಗಾದರೆ ಹೊರಗಿನಿಂದ ಹೋದವನು ಈ ಬೇಲಿಯನ್ನು ದಾಟುವ ಬಗೆ ಹೇಗೆ? ಇದಕ್ಕೆ ಉತ್ತರವನ್ನು ಜರ್ಮನರೇ ನಮ್ಮ ನಾಡಿನಲ್ಲಿ ಬಹುಹಿಂದೆ ಬಾಳಿ ತೋರಿಸಿದ್ದಾರೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಶ್ವಾಬಿಯದವರೇ, 1881ರಲ್ಲಿ ಅವರು ದೇಹ ಬಿಟ್ಟದ್ದು ಸ್ಟುಟ್‌ಗಾರ್ಟಿಗೆ ಸಮೀಪದ ಎಸ್‌ಲಿಂಗೆನ್‌ನಲ್ಲಿ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಫರ್ಡಿನೆಂಡ್ ಕಿಟ್ಟೆಲ್ಲರು 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರೀಸ್‌ಲೆಂಡಿನಲ್ಲಿ. 1960ರ ದಶಕದ ಕೊನೆಯಿಂದ ಜರ್ಮನರು ಪೆದ್ದುತನದ ಕಥೆಗಳನ್ನೆಲ್ಲ ಆರೋಪಿಸಿ ಹೇಳಿಕೊಂಡು ನಗುತ್ತ ಬಂದಿರುವುದು ಆ ಸೀಮೆಯವರ ಮೇಲೆಯೇ. ಅಂಥ ಸೀಮೆಯಿಂದ 1853ರಲ್ಲಿ ಬಂದ ಈ ಮಹನೀಯರು 1894ರಲ್ಲಿ ಪ್ರಕಟವಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳನ್ನು ಸಂಗ್ರಹಿಸಿದರು. ಆ ಮಹಾಗ್ರಂಥವನ್ನು ತಿರುವಿಹಾಕಿದವರು ಅದರಲ್ಲಿ ಕವಿಪ್ರಯೋಗಗಳ ಜೊತೆಗೆ ಪುಟಪುಟದಲ್ಲಿಯೂ ಗಾದೆಗಳನ್ನು ಕಂಡಿರುತ್ತಾರೆ. ಗಾದೆಯೆಂಬುದು ಒಂದು ಜನದ ನಗೆಯು ಗಟ್ಟಿಯಾಗಿ ಉಳಿದ ರೂಪ. ಅದನ್ನು ಅರ್ಥವರಿತು ಆರಿಸಿಕೊಳ್ಳಬೇಕಾದರೆ ಆ ಜನದೊಡನೆ ಕುಳಿತು ನಕ್ಕಿರಬೇಕು. ನೆರೆನಾಡಿನಿಂದ ಬಂದವರಲ್ಲಿ ನಾ. ಕಸ್ತೂರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೇರಳದಲ್ಲಿ ಹುಟ್ಟಿ ಮಲಯಾಳವನ್ನು ಮಾತೃಭಾಷೆಯಾಗಿ ಪಡೆದ ಅವರು, ಅಧ್ಯಾಪಕರಾಗಿ ಮೈಸೂರಿಗೆ ಬಂದು ಕನ್ನಡವನ್ನು ಕಲಿತು, ‘ಅನರ್ಥಕೋಶ’ವನ್ನು ಬರೆದು, 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಮೂಲಕ ಕನ್ನಡಿಗರನ್ನು ಕನ್ನಡದಲ್ಲಿಯೇ ನಗಿಸಿದರು. ಪರಭಾಷೆಯಲ್ಲಿ ಕವಿತೆ ಬರೆಯುವುದಕ್ಕಿಂತ ಪರಭಾಷೆಯಲ್ಲಿ ನಗಿಸುವುದು ಕಠಿನತರವೆಂದು ನನ್ನ ನಂಬಿಕೆ. ಅದೂ ಸಾಧ್ಯವೆಂಬುದಕ್ಕೆ ಕಸ್ತೂರಿಯವರ ಬರಹವೇ ಸಾಕ್ಷಿ.

ಆದುದರಿಂದ ಜರ್ಮನಿಗೆ ಹೊರಟ ನಮ್ಮ ಮಕ್ಕಳಿಗೆ ನಾನು ಹೇಳುವುದು ಇಷ್ಟು. ಇಂಗ್ಲಿಷ್ ಬಲ್ಲೆನೆಂಬ ಧೈರ್ಯದಿಂದ ಅಲ್ಲಿನ ಭಾಷೆಯನ್ನು ಕಲಿಯದೆ ಇರಬೇಡಿ. ಇಂಗ್ಲಿಷಿನಲ್ಲಿ ಮಾತನಾಡುವಾಗ ಜರ್ಮನನು ಕೆಲಸದ ಮಾತನ್ನಾಡುತ್ತಾನೆ, ಅವನ ನಗೆ ಅವನ ಮನೆಮಾತಿನಲ್ಲಿದೆ, ಅದರಲ್ಲಿಯೂ ಅವನ ಸೀಮೆಯ ಆಡುನುಡಿಯಲ್ಲಿದೆ. ನೀನು, ನೀವು ಎಂಬ ಭೇದವನ್ನು ಇಂಗ್ಲಿಷರು ಕಳೆದುಕೊಂಡಿದ್ದಾರೆ. ಜರ್ಮನರು ಉಳಿಸಿಕೊಂಡಿದ್ದಾರೆ, ನಾವೂ ಉಳಿಸಿಕೊಂಡಿದ್ದೇವೆ. ಏಕವಚನದ ಸಲಿಗೆಯನ್ನು ಹಿರಿಯರು ತಾವಾಗಿ ಕೊಡುವ ತನಕ ಕಾಯುವ ಮರ್ಯಾದೆಯನ್ನು ನಿಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕಚೇರಿಯ ಗಾಂಭೀರ್ಯವನ್ನು ಕಂಡು ಕುಗ್ಗದೆ, ಕೆಲಸ ಮುಗಿದ ಮೇಲೆ ಕರೆದ ಕಡೆಗೆ ಹೋಗಿ, ಊರ ಉತ್ಸವದಲ್ಲಿ ನಿಂತು, ಅವರ ನಗೆಯ ಹೊತ್ತನ್ನು ಗುರುತಿಸಿಕೊಳ್ಳಿ. ಅವರನ್ನು ನಿಮ್ಮ ಮನೆಗೆ ಕರೆದು ನಮ್ಮ ನಗೆಯ ನಂಟನ್ನೂ ಅವರಿಗೆ ತೋರಿಸಿಕೊಡಿ.

ಇಂಥ ಹೊಂದಾಣಿಕೆ ನಮ್ಮ ಸೀಮೆಗೆ ಹೊಸದಲ್ಲ. ನಾನಿರುವ ಈ ಕಲ್ಯ ಇಂದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ. ಒಂದು ಕಾಲಕ್ಕೆ ಅದು ಜೈನರೂ ಶೈವರೂ ವೈಷ್ಣವರೂ ನೆಲಸಿದ್ದ ಪಟ್ಟಣ. ಜೈನರಿಗೂ ವೈಷ್ಣವರಿಗೂ ವಿವಾದವುಂಟಾದಾಗ 1368ರಲ್ಲಿ ಬುಕ್ಕರಾಯನು ಕೊಟ್ಟ ತೀರ್ಪಿನ ಶಾಸನವು ಶ್ರವಣಬೆಳಗೊಳದಲ್ಲಿರುವಂತೆ ಇಲ್ಲಿಯೂ ದೊರೆತಿದೆ. ಎರಡು ಪಂಗಡಗಳೂ ತಮ್ಮ ಆಚಾರಗಳನ್ನು ಬಿಟ್ಟು ಒಂದಾಗಬೇಕೆಂದು ಆ ಅರಸನು ಹೇಳಲಿಲ್ಲ. ಜೈನರ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಅವರಿಗೆ ಸಲ್ಲತಕ್ಕವು, ಅವರಿಗಾಗುವ ಹಾನಿಯನ್ನು ವೈಷ್ಣವರು ತಮಗಾದ ಹಾನಿಯೆಂದೇ ಎಣಿಸಿ ಕಾಪಾಡತಕ್ಕದ್ದು ಎಂದು ವಿಧಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿರಿಸಿದನು. ನೆರೆಯವರ ವಾದ್ಯ ಮೊಳಗುವ ರೀತಿ ಬೇರೆಯಾಗಿದ್ದರೆ ಅದನ್ನು ಗೌರವಿಸಬೇಕೆಂಬ ಈ ವಿವೇಕವು ನೆರೆಯವರ ನಗೆಗೂ ಸಲ್ಲುತ್ತದೆ. ಪತ್ರ ಬರೆದ ತಾಯಂದಿರಿಗೆ ನನ್ನ ಉತ್ತರ ಇಷ್ಟೆ: ನಿಮ್ಮ ಮಗ ನಗದ ಜನರ ನಡುವೆ ಇಲ್ಲ, ಅವರ ನಗೆಗೆ ಅವನಿನ್ನೂ ಪರಿಚಿತನಾಗಿಲ್ಲ. ಮುಂದಿನ ಸಲ ಅವನು ಫೋನ್ ಮಾಡಿದಾಗ, ಆ ಜನ ನಗುತ್ತಾರೆಯೆ ಎಂದು ಕೇಳಬೇಡಿ. ಅವರ ಭಾಷೆಯನ್ನು ಎಷ್ಟು ಕಲಿತೆ, ಯಾರ ಮನೆಗೆ ಊಟಕ್ಕೆ ಹೋಗಿದ್ದೆ ಎಂದು ಕೇಳಿ. ಆ ಎರಡಕ್ಕೂ ಅವನಲ್ಲಿ ಉತ್ತರ ದೊರೆಯುವ ದಿನ ಮೊದಲಿನ ಪ್ರಶ್ನೆಯನ್ನು ಕೇಳುವ ಅಗತ್ಯ ನಿಮಗೂ ಇರದು, ಅವನಿಗೂ ಇರದು.